ಬೇಯರ್‌ಗೆ ಕರಗದ ಕುರುವಿಂದ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಮಣ್ಣಲ್ಲಿ ಕುರುವಿಂದ ಅನ್ನೋ ಗಟ್ಟಿ ಕಲ್ಲು ಸಿಗುತ್ತದೆ. ಸಾಣೆ ಹಿಡಿಯೋಕೆ ಬಳಸುತ್ತಿದ್ದ ಕಲ್ಲು. ಇಂಗ್ಲಿಷಿನ ಕೊರಂಡಮ್ ಅನ್ನೋ ಹೆಸರು ಬಂದಿದ್ದೂ ನಮ್ಮ ದಕ್ಷಿಣದ ಈ ಪದದ ಬಳಗದಿಂದಲೇ. ಕೆಮಿಸ್ಟ್ರಿ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ ಬರೀ ಅಲ್ಯೂಮಿನಾ. ಹಾಗಿದ್ರೆ ಬೆಳಗಾವಿಯ ಅಲ್ಯೂಮಿನಾ ಕಾರ್ಖಾನೆಗೆ ಬಾಕ್ಸೈಟೇ ಯಾಕೆ ಬೇಕು? ಇದನ್ನ ಹುಡುಕುತ್ತಾ ಹೋದ್ರೆ ನಾವು ಪಠ್ಯದಲ್ಲಿ ಹೆಸರಷ್ಟೇ ಓದಿ ಬಿಟ್ಟ ಕಾರ್ಲ್ ಜೋಸೆಫ್ ಬೇಯರ್ ಸಿಗ್ತಾರೆ. (ಮಾತ್ರೆ ಕಂಪನಿಯ ಬೇಯರ್ ಬೇರೆ.)

ಹುಟ್ಟಿದ್ದು 1847ರಲ್ಲಿ, ಈಗ ಪೋಲೆಂಡಿನಲ್ಲಿರುವ ಬೀಲಿಟ್ಸ್‌ನಲ್ಲಿ. ಹೈಡೆಲ್‌ಬರ್ಗ್‌ನಲ್ಲಿ ಬುನ್ಸೆನ್ ಹತ್ತಿರ ಕಲಿತರು. ಹೌದು, ನಮ್ಮ ಲ್ಯಾಬಿನ ಬರ್ನರ್‌ನ ಬುನ್ಸೆನ್ನೇ. 1871ರಲ್ಲಿ ಡಾಕ್ಟರೇಟ್ ಆಯಿತು. ಮುಂದೆ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ಕೆಮಿಕಲ್ ಫ್ಯಾಕ್ಟರಿ ಸೇರಿದರು. ಅಲ್ಲಿ ಅಲ್ಯೂಮಿನಾ ಬೇಕಾಗಿದ್ದು ಲೋಹಕ್ಕಲ್ಲ, ಹತ್ತಿ ಬಟ್ಟೆಗೆ ಬಣ್ಣ ಕಚ್ಚಿಸೋಕೆ!

ಆಗಿನ ದೊಡ್ಡ ತಲೆನೋವು, ದ್ರಾವಣದಿಂದ ಇಳಿಸಿದ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಅಂಟಂಟಾಗಿ ಬರುತ್ತಿತ್ತು, ಸೋಸೋಕೆ ಆಗ್ತಿರಲಿಲ್ಲ. ಹಾಲಿಗೆ ಹೆಪ್ಪು ಹಾಕಿದ ಹಾಗೆ, ಮೊದಲೇ ಮಾಡಿಟ್ಟ ಹೈಡ್ರಾಕ್ಸೈಡನ್ನು ಸ್ವಲ್ಪ ಸೇರಿಸಿ ಕಲಕಿದರೆ ಒಳ್ಳೆ ಹರಳಾಗಿ ಇಳಿಯುತ್ತೆ ಅಂತ 1887ರಲ್ಲಿ ಬೇಯರ್ ಕಂಡುಕೊಂಡರು. 1892ರಲ್ಲಿ ಇನ್ನೊಂದು ಹೆಜ್ಜೆ: ಬಾಕ್ಸೈಟನ್ನು ಕಾಸ್ಟಿಕ್ ಸೋಡಾದಲ್ಲಿ ಹಾಕಿ, ಒತ್ತಡದಲ್ಲಿ ಬಿಸಿಮಾಡಿ ಅಲ್ಯೂಮಿನಾ ಕರಗಿಸುವುದು. ಹಾಲ್ ಮತ್ತು ಎರೂ ಅವರ ವಿದ್ಯುತ್ ವಿಧಾನ 1886ರಲ್ಲೇ ಬಂದಿತ್ತು. ಎರಡೂ ಸೇರಿದ ಮೇಲೆ ಅಲ್ಯೂಮಿನಿಯಂ ಅಗ್ಗವಾಯಿತು.

ಆದರೆ ಈ ವಿಧಾನ ಆರಿಸಿ ತಿನ್ನೋ ಪ್ರಾಣಿ. ಜೇಡಿಮಣ್ಣು ಹಾಕಿದರೆ ಅದರ ಸಿಲಿಕಾ, ಸೋಡಾವನ್ನೂ ಅಲ್ಯೂಮಿನಾವನ್ನೂ ಹಿಡಿದುಕೊಂಡು ಕೆಸರಲ್ಲಿ ಹೋಗುತ್ತೆ. ಕುರುವಿಂದದಲ್ಲಿ ಸಿಲಿಕಾದ ಕಾಟ ಕಡಿಮೆ, ಆದರೆ ಹರಳು ಎಷ್ಟು ಬಿಗಿ ಅಂದ್ರೆ ಆ ಕಾಸ್ಟಿಕ್ಕಿಗೆ ಜಗ್ಗೋದೇ ಇಲ್ಲ. ಬಾಕ್ಸೈಟಿನ ಅಲ್ಯೂಮಿನಾ ನೀರಿನ ಜೊತೆ ಕೂಡಿಕೊಂಡಿರೋದಕ್ಕೇ ಸುಲಭವಾಗಿ ಕರಗೋದು. ನಮ್ಮ ನಾಲ್ಕು ತಾಲ್ಲೂಕಿನ ಕಲ್ಲು ಸೋತಿದ್ದು ಅತಿಯಾಗಿ ಗಟ್ಟಿ ಆಗಿದ್ದಕ್ಕೆ! ಇನ್ನೂ ಬೇಜಾರಿನ ವಿಷಯ, ಬಾಕ್ಸೈಟ್ ಮತ್ತು ಬೇಯರ್ ಅಲ್ಯೂಮಿನಾವನ್ನೇ ವಿದ್ಯುತ್ ಕುಲುಮೆಯಲ್ಲಿ ಕರಗಿಸಿ ಕೃತಕ ಕುರುವಿಂದ ಮಾಡ್ತಾರೆ. ಸಾಣೆಚಕ್ರದ ಕೆಲಸವೂ ಅದರ ಪಾಲಾಯಿತು.

ಬೇಯರ್ ಕೊನೆಗೆ ಈಗಿನ ಸ್ಲೊವೇನಿಯಾದಲ್ಲಿರುವ ರೆಚಿತ್ಸಾದಲ್ಲಿ ನೆಲೆಸಿದರು. 1904ರಲ್ಲಿ, 57ನೇ ವಯಸ್ಸಿಗೆ ತೀರಿಕೊಂಡರು. ಅವರು ದುಡಿದ ರಷ್ಯಾಕ್ಕೆ ಒಳ್ಳೆ ಬಾಕ್ಸೈಟ್ ಸಾಲಲಿಲ್ಲ. ಸೇಂಟ್ ಪೀಟರ್ಸ್‌ಬರ್ಗ್‌ನ ಪೂರ್ವಕ್ಕಿರುವ ಪಿಕಲ್ಯೋವೊದಲ್ಲಿ 1959ರಿಂದ ನೆಫೆಲಿನ್ ಅನ್ನೋ ಬೇರೆ ಖನಿಜವನ್ನು ಸುಣ್ಣದಕಲ್ಲಿನ ಜೊತೆ ಸುಟ್ಟು ಅಲ್ಯೂಮಿನಾ ತೆಗೆದರು. ಸಿಲಿಕಾವನ್ನು ಸುಣ್ಣ ಹಿಡಿದುಕೊಂಡಿತು, ಉಳಿದ ಕೆಸರು ಸಿಮೆಂಟಾಯಿತು.