ಹಾಡುವ ಹಕ್ಕಿಗಾಗಿ ಹೋರಾಡಿದ ಬೆಂಗಳೂರು ನಾಗರತ್ನಮ್ಮ



ಈ ಸಲದ ಗೋಡೆ ಪತ್ರಿಕೆಗೆ ಯಾರಾದರೂ ದೊಡ್ಡವರ ಜೀವನ ಚರಿತ್ರೆ ಬರೆಯಿರಿ ಅಂತ ಕನ್ನಡ ಮೇಷ್ಟ್ರು ಹೇಳಿದರು. ಗಾಂಧೀಜಿ, ವಿವೇಕಾನಂದರ ಬಗ್ಗೆ ನಾವೆಲ್ಲ ಬೇಕಾದಷ್ಟು ಸಲ ಬರೆದಾಗಿದೆ. ಅದಕ್ಕೇ ನಾನು ನಮ್ಮ ಸೀಮೆಯಲ್ಲೇ ಹುಟ್ಟಿದ ಒಬ್ಬ ಹೆಣ್ಣುಮಗಳನ್ನು ಆರಿಸಿಕೊಂಡೆ. ಅವರೇ ಬೆಂಗಳೂರು ನಾಗರತ್ನಮ್ಮ. ಹೆಸರಿನಲ್ಲಿ ಬೆಂಗಳೂರು ಇದ್ದರೂ ಅವರು ಹುಟ್ಟಿದ್ದು ನಂಜನಗೂಡಿನಲ್ಲಿ, 1878ರ ನವೆಂಬರ್ 3ರಂದು.

ತಾಯಿಯ ಹೆಸರು ಪುಟ್ಟಲಕ್ಷ್ಮಮ್ಮ. ಅವರು ದೇವದಾಸಿ ಕುಲದವರು. ಹಿಂದಿನ ಕಾಲದಲ್ಲಿ ದೇವಸ್ಥಾನಗಳಲ್ಲಿ, ಅರಮನೆಗಳಲ್ಲಿ ಹಾಡಿ ನರ್ತಿಸುವ ಕೆಲಸ ಈ ಕುಲದ ಹೆಂಗಸರದಾಗಿತ್ತು. ಜನರಿಗೆ ಅವರ ವಿದ್ಯೆ ಬೇಕಾಗಿತ್ತು, ಆದರೆ ಅವರನ್ನು ಎಲ್ಲರಂತೆ ಗೌರವದಿಂದ ಕಾಣುತ್ತಿರಲಿಲ್ಲ. ಎಲ್ಲ ಹೆಂಗಸರಂತೆ ಮದುವೆಯಾಗಿ ಸಂಸಾರ ಮಾಡುವ ಹಾಗೂ ಇರಲಿಲ್ಲ. ನಾಗರತ್ನಮ್ಮನ ತಂದೆ ಒಬ್ಬ ವಕೀಲರು. ಅವರು ತಾಯಿ ಮಗಳನ್ನು ಕೈಬಿಟ್ಟರು. ಆಗ ಮೈಸೂರಿನಲ್ಲಿ ಆಸರೆ ಕೊಟ್ಟು, ಮಗುವಿಗೆ ಸಂಸ್ಕೃತ ಕಲಿಸಿದವರು ಗಿರಿಭಟ್ಟ ತಿಮ್ಮಯ್ಯ ಎಂಬ ಪಂಡಿತರು. ಮುಂದೆ ಮನಸ್ತಾಪ ಬಂದು ಆ ಆಸರೆಯೂ ತಪ್ಪಿತು. ಮಗಳು ದೊಡ್ಡ ವಿದುಷಿಯಾಗುವ ತನಕ ಮತ್ತೆ ಮೈಸೂರಿಗೆ ಕಾಲಿಡುವುದಿಲ್ಲ ಅಂತ ತಾಯಿ ಪಣ ತೊಟ್ಟರಂತೆ.

ಆ ತಾಯಿಯ ಛಲ ನೋಡಿ! ಕೈಯಲ್ಲಿ ಕಾಸಿಲ್ಲ, ಹಿಂದೆ ಮುಂದೆ ಯಾರೂ ಇಲ್ಲ. ಆದರೂ ಊರೂರು ಅಲೆದು, ಕೊನೆಗೆ ಬೆಂಗಳೂರಿಗೆ ಬಂದು ಮಗಳಿಗೆ ವಿದ್ಯೆ ಕೊಡಿಸಿದರು. ಅಲ್ಲಿ ಮುನಿಸ್ವಾಮಪ್ಪ ಎಂಬ ಗುರುಗಳು ಸಿಕ್ಕರು. ಅವರು ಸಂತ ತ್ಯಾಗರಾಜರ ಶಿಷ್ಯ ಪರಂಪರೆಗೆ ಸೇರಿದವರು. ನಾಗರತ್ನಮ್ಮ ಹಾಡುಗಾರಿಕೆಯ ಜೊತೆಗೆ ನೃತ್ಯ, ಪಿಟೀಲು, ತೆಲುಗು, ಇಂಗ್ಲಿಷ್ ಎಲ್ಲ ಕಲಿತರು. ಹದಿನೈದು ವರ್ಷಕ್ಕೇ ವಿದ್ವಾಂಸರ ಮುಂದೆ ಕಛೇರಿ ಮಾಡಿದರು. ಮೈಸೂರು ಆಸ್ಥಾನದಲ್ಲೂ ಮನ್ನಣೆ ಸಿಕ್ಕಿತು. ತಾಯಿಯ ಪಣ ಗೆದ್ದಿತು.

ಮುಂದೆ ಅವರು ಮದ್ರಾಸಿಗೆ ಹೋಗಿ ನೆಲೆಸಿದರು. ಅಲ್ಲಿ ಅವರಿಗೆ ಬಹಳ ಹೆಸರು ಬಂತು, ಹಣವೂ ಬಂತು. ಮದ್ರಾಸಿನಲ್ಲಿ ಆದಾಯ ತೆರಿಗೆ ಕಟ್ಟಿದ ಮೊದಲ ಕಲಾವಿದೆ ಇವರೇ ಅಂತ ಹೇಳುತ್ತಾರೆ.

ನಾಗರತ್ನಮ್ಮ ಬರೀ ಹಾಡುಗಾರ್ತಿ ಅಲ್ಲ, ಪುಸ್ತಕದ ಹುಳು ಕೂಡ. 18ನೇ ಶತಮಾನದಲ್ಲಿ ತಂಜಾವೂರಿನ ಆಸ್ಥಾನದಲ್ಲಿ ಮುದ್ದುಪಳನಿ ಎಂಬ ಕವಯಿತ್ರಿ ಇದ್ದಳು. ಆಕೆ ತೆಲುಗಿನಲ್ಲಿ 'ರಾಧಿಕಾ ಸಾಂತ್ವನಮು' ಎಂಬ ಕಾವ್ಯ ಬರೆದಿದ್ದಳು. ಹಿಂದೆ ಅಚ್ಚಾಗಿದ್ದ ಪುಸ್ತಕದಲ್ಲಿ ಕೆಲವು ಪದ್ಯಗಳನ್ನೂ ಕವಯಿತ್ರಿ ತನ್ನ ಬಗ್ಗೆ ಹೇಳಿಕೊಂಡ ಭಾಗವನ್ನೂ ಬಿಟ್ಟುಬಿಟ್ಟಿದ್ದರು. ನಾಗರತ್ನಮ್ಮ ಹಳೇ ಪ್ರತಿ ಹುಡುಕಿ, ಪೂರ್ತಿ ಕಾವ್ಯವನ್ನು 1910ರಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ ಶೃಂಗಾರ ಜಾಸ್ತಿ, ಹೆಂಗಸು ಹೀಗೆಲ್ಲ ಬರೆಯಬಹುದೇ ಅಂತ ದೊಡ್ಡ ಗಲಾಟೆ ಆಯಿತು. ಗಂಡಸರು ಬರೆದ ಕಾವ್ಯಗಳಲ್ಲೂ ಇದೇ ಶೃಂಗಾರ ಇದೆ, ಅವನ್ನು ಯಾರೂ ಬೈಯುವುದಿಲ್ಲವಲ್ಲ ಎಂಬುದು ನಾಗರತ್ನಮ್ಮನ ವಾದ. ಬ್ರಿಟಿಷ್ ಸರ್ಕಾರ 1911ರಲ್ಲಿ ಪುಸ್ತಕಗಳನ್ನು ಜಪ್ತಿ ಮಾಡಿತು. ಆ ನಿಷೇಧ ಹೋಗಿದ್ದು 1947ರಲ್ಲಿ. ಅಲ್ಲೀತನಕ ಅವರು ತಮ್ಮ ಮಾತು ಬದಲಿಸಲಿಲ್ಲ.

ಈಗ ಮುಖ್ಯ ಕಥೆಗೆ ಬರುತ್ತೇನೆ.

ತ್ಯಾಗರಾಜರು ತೀರಿಕೊಂಡಿದ್ದು 1847ರಲ್ಲಿ, ಕಾವೇರಿ ತೀರದ ತಿರುವಯ್ಯಾರಿನಲ್ಲಿ. ಪುಷ್ಯ ಮಾಸದ ಹುಣ್ಣಿಮೆ ಕಳೆದ ಐದನೇ ದಿನ, ಅಂದರೆ ಬಹುಳ ಪಂಚಮಿ, ಅವರ ಆರಾಧನೆ. ಆ ದಿನ ಸಂಗೀತಗಾರರೆಲ್ಲ ಅಲ್ಲಿ ಸೇರಿ ಹಾಡುತ್ತಿದ್ದರು. ಆದರೆ ಅವರ ಸಮಾಧಿ ಮಾತ್ರ ಪಾಳು ಬಿದ್ದಿತ್ತು. ಮೈಸೂರಿನಲ್ಲಿ ರಾಮಮಂದಿರ ಕಟ್ಟಿಸಿದ ಬಿಡಾರಂ ಕೃಷ್ಣಪ್ಪನವರು ನಾಗರತ್ನಮ್ಮನಿಗೂ ಗುರುಗಳು. ಅವರು ತಿರುವಯ್ಯಾರಿಗೆ ಹೋಗಿ ಬಂದು, ಸಮಾಧಿಯ ದುಃಸ್ಥಿತಿಯನ್ನು ಶಿಷ್ಯೆಗೆ ಕಾಗದ ಬರೆದು ತಿಳಿಸಿದರು. ನಾಗರತ್ನಮ್ಮನಿಗೆ ತಡೆಯಲಾಗಲಿಲ್ಲ. 1921ರಲ್ಲಿ ಕೆಲಸ ಶುರು ಮಾಡಿಸಿ, ನಾಲ್ಕೈದು ವರ್ಷದೊಳಗೆ ಅಲ್ಲಿ ಗುಡಿ ಕಟ್ಟಿಸಿ ಪ್ರತಿಷ್ಠೆ ಮಾಡಿಸಿದರು. ಹಾಡಿ ದುಡಿದ ಹಣವನ್ನೆಲ್ಲ ಅದಕ್ಕೇ ಸುರಿದರು.

ಗುಡಿ ಕಟ್ಟಿಸಿದವರಿಗೆ ಅಲ್ಲಿ ಏನು ಮರ್ಯಾದೆ ಸಿಕ್ಕಿತು ಗೊತ್ತಾ? ಹಾಡಲು ಅವಕಾಶವೇ ಕೊಡಲಿಲ್ಲ! ಆಗ ಆರಾಧನೆ ನಡೆಸುವವರಲ್ಲಿ ಎರಡು ಪಕ್ಷ ಇತ್ತು, ದೊಡ್ಡ ಪಕ್ಷ ಮತ್ತು ಚಿಕ್ಕ ಪಕ್ಷ. ಇಬ್ಬರಿಗೂ ಜಗಳವೋ ಜಗಳ. ಆದರೆ ಹೆಂಗಸರು ಹಾಡಬಾರದು ಅನ್ನೋದರಲ್ಲಿ ಮಾತ್ರ ಇಬ್ಬರೂ ಒಂದೇ.

ಬೇರೆ ಯಾರೇ ಆಗಿದ್ದರೂ ಅತ್ತು ಮನೆಗೆ ಹೋಗುತ್ತಿದ್ದರು. ನಾಗರತ್ನಮ್ಮ ಹಾಗೆ ಮಾಡಲಿಲ್ಲ. 1927ರಲ್ಲಿ ತಮ್ಮಂತಹ ಕಲಾವಿದೆಯರನ್ನೆಲ್ಲ ಸೇರಿಸಿ ಮೂರನೇ ಪಕ್ಷವನ್ನೇ ಕಟ್ಟಿದರು. ಅದು ಹೆಂಗಸರ ಪಕ್ಷ. ಗಂಡಸರು ಮುಂದುಗಡೆ ಹಾಡಿದರೆ ಇವರು ಗುಡಿಯ ಹಿಂದುಗಡೆ ಕೂತು ಹಾಡಿದರು. ವರ್ಷ ವರ್ಷವೂ ಬಿಡದೆ ಹಾಡಿದರು. ಕಡೆಗೆ 1940ರ ಹೊತ್ತಿಗೆ ಪಕ್ಷಗಳೆಲ್ಲ ಒಂದಾದವು. ಹೆಂಗಸರಿಗೂ ಹಾಡುವ ಹಕ್ಕು ಸಿಕ್ಕಿತು. ಈಗ ಪ್ರತಿ ವರ್ಷ ಆ ಪಂಚಮಿಯ ದಿನ ಗಂಡಸರು ಹೆಂಗಸರು ಒಟ್ಟಿಗೆ ಕೂತು ತ್ಯಾಗರಾಜರ ಪಂಚರತ್ನ ಕೃತಿಗಳನ್ನು ಹಾಡುತ್ತಾರೆ.

ಇನ್ನೊಂದು ವಿಷಯ ಮುಚ್ಚಿಡದೆ ಹೇಳಬೇಕು. ದೇವದಾಸಿ ಪದ್ಧತಿ ನಿಲ್ಲಬೇಕೆಂದು ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ಮದ್ರಾಸಿನ ಶಾಸನಸಭೆಯಲ್ಲಿ 1927ರಲ್ಲಿ ಎತ್ತಿದಾಗ ನಾಗರತ್ನಮ್ಮ ವಿರೋಧಿಸಿದರು. ಕಲಾವಿದೆಯರನ್ನೆಲ್ಲ ಒಂದೇ ತಕ್ಕಡಿಗೆ ಹಾಕಿ ಕೆಟ್ಟವರೆಂದು ಕರೆಯಬಾರದು ಎಂಬುದು ಅವರ ನೋವು. ನನಗೆ ಈ ವಿಷಯದಲ್ಲಿ ಮುತ್ತುಲಕ್ಷ್ಮಿಯವರು ಹೇಳಿದ್ದೇ ಸರಿ ಅನ್ನಿಸುತ್ತೆ. ಎಳೇ ಹುಡುಗಿಯರ ಬಾಳು ಹಾಳಾಗುತ್ತಿತ್ತು. ನಮ್ಮ ರಾಜ್ಯದಲ್ಲೂ 1982ರಲ್ಲಿ ಅದನ್ನು ತಡೆಯುವ ಕಾನೂನು ಬಂತು. ಆದರೆ ಅವಮಾನ ಯಾರಿಗೆ ಆಗಿತ್ತೋ ಅವರ ಮಾತನ್ನೂ ಕೇಳಬೇಕಲ್ಲವೇ?

ಕಡೆಗಾಲದಲ್ಲಿ ನಾಗರತ್ನಮ್ಮ ತಿರುವಯ್ಯಾರಿನಲ್ಲೇ ಉಳಿದರು. ತಮ್ಮ ಆಸ್ತಿಯನ್ನು ಗುಡಿಯ ಸೇವೆಗೆ ಬರೆದಿಟ್ಟರು. ಹೆಂಗಸರಿಗೆ ಆರಾಧನೆಯಲ್ಲಿ ಸಮನಾದ ಹಕ್ಕು ಇರಬೇಕೆಂದೂ ಉಯಿಲಿನಲ್ಲಿ ಬರೆಸಿದರು. 1952ರ ಮೇ 19ರಂದು ಅಲ್ಲೇ ತೀರಿಕೊಂಡರು. ತ್ಯಾಗರಾಜರ ಸಮಾಧಿಯ ಹತ್ತಿರವೇ ಅವರ ಸಮಾಧಿಯೂ ಇದೆ. ಅಲ್ಲಿ ಅವರ ವಿಗ್ರಹ ಗುರುವಿನ ಕಡೆ ಮುಖ ಮಾಡಿ ಕೈ ಮುಗಿದು ಕೂತಿದೆ. ಭೂಪಟ ನೋಡಿದಾಗ ನನಗೊಂದು ಸೋಜಿಗ ಕಂಡಿತು. ನಂಜನಗೂಡಿನ ಕಪಿಲೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಗೆ ಸೇರುತ್ತಾಳೆ. ಅದೇ ಕಾವೇರಿ ತಿರುವಯ್ಯಾರಿಗೂ ಹೋಗುತ್ತಾಳೆ. ನಾಗರತ್ನಮ್ಮ ಹುಟ್ಟಿದೂರಿನ ಹೊಳೆ ಹರಿಯುವ ದಾರಿಯಲ್ಲೇ ಅವರ ಬದುಕೂ ಹರಿಯಿತು.

ಈಗ ನಮ್ಮೂರ ಮಾತು. ಪ್ರತಿ ಹುಣ್ಣಿಮೆ ರಾತ್ರಿ ನಮ್ಮೂರಿನಲ್ಲಿ ಭಜನೆ ನಡೆಯುತ್ತೆ. ಬೆಳದಿಂಗಳಲ್ಲಿ ಅಂಗಳದಲ್ಲಿ ಕೋಲಾಟ ಆಡೋದು, ಪದ ಹೇಳೋದು ನಾವು ಹೆಣ್ಣುಮಕ್ಕಳೇ. ಆದರೆ ಮಂದಿರದ ಒಳಗೆ ತಾಳ, ಹಾರ್ಮೋನಿಯಂ ಹಿಡಿದು ಹಾಡೋದು ಗಂಡಸರು ಮಾತ್ರ. ಪಾನಕ ಮಾಡಿ, ಕೋಸಂಬರಿ ಹಂಚಿ, ನಮ್ಮ ಅವ್ವಂದಿರು ಹೊಸ್ತಿಲಾಚೆ ಕೂತು ಕೇಳ್ತಾರೆ. ಯಾಕೆ ಹಿಂಗೆ ಅಂತ ಕೇಳಿದರೆ, ಮೊದಲಿಂದ ಹಂಗೇ ನಡ್ಕೊಂಡು ಬಂದದೆ ಅಂತಾರೆ. ತಿರುವಯ್ಯಾರಿನಲ್ಲೂ ಮೊದಲಿಂದ ಹಂಗೇ ಇತ್ತು!

ಬರುವ ಹುಣ್ಣಿಮೆಗೆ ನಾವು ಹುಡುಗಿಯರೂ ಒಳಗೆ ಕೂತು ಎರಡು ಪದ ಹಾಡಬೇಕು ಅಂತ ಆಸೆ ಇದೆ. ನಮ್ಮ ಗುರುಗಳು ಊರ ಯಜಮಾನರ ಹತ್ತಿರ ಒಂದು ಮಾತು ಹೇಳಬೇಕೆಂದು ಈ ಪತ್ರಿಕೆ ಮೂಲಕ ಕೇಳಿಕೊಳ್ಳುತ್ತೇನೆ. ಅವರು ಒಪ್ಪಿದರೆ ಸಂತೋಷ. ಒಪ್ಪದಿದ್ದರೆ ಮಂದಿರದ ಹಿಂದುಗಡೆ ಜಗುಲಿ ಇದ್ದೇ ಇದೆ, ಚಾಪೆ ನಾವೇ ತರ್ತೀವಿ. ಬರುವ ಗೆಳತಿಯರು ಶುಕ್ರವಾರದೊಳಗೆ ನನಗೆ ಹೆಸರು ಕೊಡಿ.