ರಂಗಕ್ಕೆ ರೆಡಿ ಯಾರು? ಕಾರಂತರ ಲೆಕ್ಕ

ಪ್ಲೇಸ್‌ಮೆಂಟ್ ಸೀಸನ್ ಬಂತು ಅಂದ್ರೆ ನಮ್ಮ ಸೀನಿಯರ್‌ಗಳ ಬಾಯಲ್ಲಿ ಒಂದೇ ಮಾತು: ಇಂಡಸ್ಟ್ರಿ ರೆಡಿ. ಆದ್ರೆ ಒಬ್ಬ ಹುಡುಗ ರೆಡಿ ಇದ್ದಾನೆ ಅಂತ ಕೆಲಸಕ್ಕೆ ಸೇರೋ ಮೊದಲೇ ಗೊತ್ತಾಗೋದು ಹೇಗೆ? ಇದೇ ಪ್ರಶ್ನೆಯನ್ನ ನಮ್ಮೂರಿನ ಯಕ್ಷಗಾನದಲ್ಲಿ ತಿರುಗಿಸಿ ಕೇಳಿದವರು ಶಿವರಾಮ ಕಾರಂತರು.

ಹುಟ್ಟಿದ್ದು 1902ರಲ್ಲಿ, ಈಗಿನ ಬ್ರಹ್ಮಾವರ ತಾಲೂಕಿನ ಕೋಟದಲ್ಲಿ. ಅಸಹಕಾರ ಚಳವಳಿಗಾಗಿ ಕಾಲೇಜನ್ನ ಅರ್ಧಕ್ಕೇ ಬಿಟ್ಟರು, ನಮ್ಮ ಭಾಷೆಯಲ್ಲಿ ಡ್ರಾಪ್‌ಔಟ್. ಆಮೇಲೆ ನಾಟಕ, ಮೂಕಿ ಸಿನಿಮಾ, ಕಾದಂಬರಿ, 1977ರ ಜ್ಞಾನಪೀಠ... ಆ ಪಟ್ಟಿ ಎಲ್ಲರಿಗೂ ಗೊತ್ತು, ಬಿಡಿ. ಅವರಿಗೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದದ್ದು ಮಾತ್ರ ಕಾದಂಬರಿಯಲ್ಲ, 'ಯಕ್ಷಗಾನ ಬಯಲಾಟ' ಎಂಬ ಅಧ್ಯಯನ ಗ್ರಂಥ.

ಬಡಗುತಿಟ್ಟಿನ ಮೇಳಗಳಲ್ಲಿ, ಮಂದಾರ್ತಿಯಾಗಲಿ ಮಾರಣಕಟ್ಟೆಯಾಗಲಿ, ಹೊಸಬರನ್ನ ಅಳೆಯೋಕೆ ಹಿಂದೆ ಪರೀಕ್ಷೆ ಇರಲಿಲ್ಲ, ಮೆಟ್ಟಿಲಿತ್ತು. ಮೊದಲು ಕೋಡಂಗಿ, ಆಮೇಲೆ ಬಾಲಗೋಪಾಲ, ಪೀಠಿಕೆ ಸ್ತ್ರೀವೇಷ, ಒಡ್ಡೋಲಗದ ವೇಷ. ವರ್ಷಗಟ್ಟಲೆ ತಿರುಗಾಟ ಮಾಡಿದ ಮೇಲೆ ಪುರುಷವೇಷ, ಅದೃಷ್ಟ ಇದ್ರೆ ಎರಡನೇ ವೇಷ. ಜನ ಇನ್ನೂ ಚಾಪೆ ಹಾಸ್ತಾ ಇರುವಾಗ ಕೋಡಂಗಿ ಹೆಜ್ಜೆ ತಪ್ಪಿದ್ರೆ ಆಟಕ್ಕೇನೂ ನಷ್ಟ ಇಲ್ಲ. ಆದ್ರೆ ಭಾಗವತರು ನೋಡ್ತಾ ಇರ್ತಾರೆ. ನಮಗಂತೂ ಇದು ಯಾವ ಇಂಟರ್ನ್‌ಶಿಪ್‌ಗಿಂತಲೂ ಚೆಂದದ ವ್ಯವಸ್ಥೆ ಅನ್ಸತ್ತೆ.

ಕಾರಂತರು ಅಳತೆಗೋಲನ್ನೇ ಬದಲಿಸಿದರು. ರಾತ್ರಿಯಿಡೀ ನಡೆಯೋ ಆಟವನ್ನ ಎರಡು ಗಂಟೆಯ ಆಸುಪಾಸಿಗೆ ಇಳಿಸಿ, ವಯಲಿನ್, ಸ್ಯಾಕ್ಸೋಫೋನ್ ತಂದು, ಮಾತನ್ನೇ ತೆಗೆದು ಯಕ್ಷಗಾನ ಬ್ಯಾಲೆ ಕಟ್ಟಿದರು. ಅರ್ಥಗಾರಿಕೆಯಿಂದಲೇ ಸಭೆ ಹಿಡಿದಿಡುತ್ತಿದ್ದ ಅನುಭವಿಗೆ ಇಲ್ಲಿ ಕೈಯಲ್ಲಿ ಏನೂ ಇಲ್ಲ, ಮೈ ಮಾತಾಡಬೇಕು. 1970ರ ದಶಕದ ಆರಂಭದಲ್ಲಿ ಉಡುಪಿಯ ಎಂಜಿಎಂ ಕಾಲೇಜಿನ ಆಸರೆಯಲ್ಲಿ ಯಕ್ಷಗಾನ ಕೇಂದ್ರ ಶುರುವಾಯ್ತು. ಅಲ್ಲಿ ಹೆಜ್ಜೆ ಕಲಿಸಿದವರು ಮಟಪಾಡಿಯ ವೀರಭದ್ರ ನಾಯಕರು. ಶಾಲೆ ಹೆಚ್ಚು ಕಲಿಯದ ಬನ್ನಂಜೆ ಸಂಜೀವ ಸುವರ್ಣರು ಅವರ ಕೈಯಲ್ಲಿ ಪಳಗಿ, ಕಾರಂತರ ತಂಡದಲ್ಲಿ ಕುಣಿದು, ಮುಂದೆ ಅದೇ ಕೇಂದ್ರದ ಗುರುಗಳಾದರು. ಮಾರ್ಕ್ಸ್‌ಕಾರ್ಡ್ ನೋಡಿದ್ರೆ ಇಂಥವರು ಸಿಗ್ತಿದ್ರಾ? ಅಮೆರಿಕನ್ ಫುಟ್‌ಬಾಲ್‌ನಲ್ಲೂ ಇದೇ ಕಥೆ: 2000ದ ಡ್ರಾಫ್ಟ್‌ನಲ್ಲಿ ಟಾಮ್ ಬ್ರೇಡಿಯನ್ನ ಆರಿಸಿದ್ದು 199ನೆಯವರಾಗಿ, ಆಮೇಲೆ ಗೆದ್ದದ್ದು ಏಳು ಸೂಪರ್ ಬೌಲ್.

ಮಾತಿಲ್ಲದ್ದು ಯಕ್ಷಗಾನವೇ ಅಲ್ಲ ಅಂದವರು ಆಗಲೂ ಇದ್ದರು, ಈಗಲೂ ಇದ್ದಾರೆ. ನಮ್ಮ ತಕರಾರು ಬೇರೆ. ಕಲಾವಿದನ ಹೊಟ್ಟೆಪಾಡು ಇರೋದು ಮೇಳದಲ್ಲಿ. ಎರಡು ಗಂಟೆಯ ರಂಗಕ್ಕೆ ಪಳಗಿದ ಹುಡುಗ ಬೆಳಗಿನ ಜಾವ ನಿದ್ದೆಗಣ್ಣಲ್ಲಿ, ಎದುರು ವೇಷದವನ ಸವಾಲಿಗೆ ಸ್ಥಳದಲ್ಲೇ ಮಾತು ಹೊಂದಿಸಬಲ್ಲನಾ? ಕಾರಂತರ ರಂಗಕ್ಕೆ ರೆಡಿ ಇದ್ದವನು ಬೈಂದೂರಿನ ಬಯಲಿಗೆ ರೆಡಿ ಇರಬೇಕಂತಿಲ್ಲ. ಅದು ಕಾರಂತರ ತಪ್ಪು ಅಂತಲೂ ನಾವು ಹೇಳಲ್ಲ, ಅವರು ಹುಡುಕಿದ್ದೇ ಬೇರೆ ಕಲಾವಿದನನ್ನ.

ತಾವು ಕುಣಿಯದೆ ಬೇರೆಯವರನ್ನ ಕುಣಿಸಿದವರಲ್ಲ ಅವರು. ಎಂಬತ್ತು ದಾಟಿದ ಮೇಲೂ ಹೆಜ್ಜೆ ಹಾಕ್ತಿದ್ರು. 1997ರ ಡಿಸೆಂಬರ್ 9ರಂದು, 95ನೇ ವಯಸ್ಸಿನಲ್ಲಿ ತೀರಿಕೊಂಡರು. ಕೇಂದ್ರ ಈಗ ಇಂದ್ರಾಳಿಯಲ್ಲಿದೆ, ಉಡುಪಿ ರೈಲ್ವೆ ಸ್ಟೇಷನ್ ಹತ್ತಿರವೇ.