ಸಹೋದರ ಅಂತೋನಿಯೊ ಮೊಸ್ಕೇನಿ

ಪ್ರಭು ಯೇಸುವಿನ ಕಡೆಯ ಭೋಜನದ ಚಿತ್ರ ನಮ್ಮ ಶಹಾಬಜಾರದ ಕ್ರೈಸ್ತ ಬಾಂಧವರಿಗೆ ಅಪರಿಚಿತವಲ್ಲ. ಲಿಯೊನಾರ್ಡೊ ದ ವಿಂಚಿ ಎಂಬ ಮಹಾಕಲಾವಿದನು ಅದರ ಮೂಲವನ್ನು ಸುಮಾರು 1495ರಿಂದ 1498ರವರೆಗೆ ಇಟಲಿಯ ಮಿಲಾನ್ ನಗರದ ಮಠವೊಂದರ ಭೋಜನಶಾಲೆಯ ಗೋಡೆಯಲ್ಲಿ ರಚಿಸಿದನು. ಆ ಕೃತಿಯ ಪ್ರತಿರೂಪವನ್ನು ದಕ್ಷಿಣ ಭಾರತದ ದೇವಾಲಯವೊಂದರಲ್ಲಿ ಬರೆದವರು, ಕನ್ನಡನಾಡು ಮರೆಯಲಾಗದ ಯೇಸುಸಭೆಯ ಸಹೋದರ ಅಂತೋನಿಯೊ ಮೊಸ್ಕೇನಿ.

ಅವರು 1854ರ ಜನವರಿ 17ರಂದು ಇಟಲಿಯ ಬೆರ್ಗಾಮೊ ಸಮೀಪದ ಸ್ತೆಜ್ಜಾನೊದಲ್ಲಿ ಜನಿಸಿದರು. ಬೆರ್ಗಾಮೊದ ಕರ್ರಾರಾ ಕಲಾಶಾಲೆಯಲ್ಲಿ ಕಲಿತು, ರೋಮಾಪುರಿಗೆ ತೆರಳಿ ವ್ಯಾಟಿಕನ್ನಿನ ಮಹಾಕೃತಿಗಳನ್ನು ಅಭ್ಯಸಿಸಿದರು. ಹಿರಿಯರ ಚಿತ್ರಗಳನ್ನು ನಕಲು ಮಾಡಿ ಕೈ ಪಳಗಿಸುವುದೇ ಅಂದಿನ ವಿದ್ಯಾಕ್ರಮ. ಕಲಾವಿದರಾಗಿ ಹೆಸರು ಗಳಿಸುತ್ತಿದ್ದಾಗಲೇ, 1889ರಲ್ಲಿ ಯೇಸುಸಭೆಯನ್ನು ಸೇರಿದರು. ಗುರುದೀಕ್ಷೆಯನ್ನು ಬಯಸದೆ ಸಹೋದರರಾಗಿಯೇ ಉಳಿದರು. ಅಂದಿನಿಂದ ಅವರ ಕುಂಚ ವಿಧೇಯತೆಯ ವ್ರತಕ್ಕೆ ಒಳಪಟ್ಟಿತು.

ಶತಮಾನದ ಅಂಚಿನಲ್ಲಿ ಅವರನ್ನು ಮಂಗಳೂರಿಗೆ ಕಳುಹಿಸಲಾಯಿತು. ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರದ ಗೋಡೆ, ಛಾವಣಿಗಳನ್ನು ಅವರು ಸುಮಾರು ಎರಡೂವರೆ ವರ್ಷಗಳಲ್ಲಿ ಚಿತ್ರಗಳಿಂದ ತುಂಬಿದರು. ಛಾವಣಿಗೆ ಕ್ಯಾನ್ವಾಸಿನ ಮೇಲೆ ತೈಲವರ್ಣ. ಗೋಡೆಗೆ ಹಸಿ ಗಾರೆಯ ಮೇಲಿನ ಭಿತ್ತಿಚಿತ್ರ. ಗಾರೆ ಒಣಗುವ ಮುನ್ನವೇ ಬಣ್ಣ ಹಚ್ಚಬೇಕು. ತಪ್ಪಿದರೆ ಕೆತ್ತಿ ತೆಗೆದು ಮತ್ತೆ ಗಾರೆ ಬಳಿಯಬೇಕು.

ಲಿಯೊನಾರ್ಡೊ ಈ ಕಠಿಣ ಮಾರ್ಗವನ್ನು ಬಿಟ್ಟು ಒಣಗೋಡೆಯ ಮೇಲೆ ಬರೆದನು. ಆದ್ದರಿಂದ ಅವನು ಬದುಕಿದ್ದಾಗಲೇ ಬಣ್ಣ ಉದುರತೊಡಗಿತು. 1978ರಿಂದ 1999ರವರೆಗೆ ಅದನ್ನು ಜೀರ್ಣೋದ್ಧಾರ ಮಾಡಿದವರಿಗೆ, ಅಳಿದುಹೋದ ಭಾಗಗಳನ್ನು ಅರಿಯಲು ನೆರವಾದದ್ದು ಅನುಯಾಯಿಯೊಬ್ಬನು ಹಿಂದೆ ಮಾಡಿದ್ದ ನಕಲು. ನಕಲನ್ನು ಕೀಳಾಗಿ ಕಾಣುವವರು ಇದನ್ನು ನೆನೆಯಬೇಕು.

ಮುಂದೆ ಮೊಸ್ಕೇನಿಯವರು ಮಂಗಳೂರಿನ ಶಿಷ್ಯ ಡಿ ಗಾಮ ಅವರೊಡನೆ ಕೊಚ್ಚಿಯ ಸಾಂತಾ ಕ್ರೂಜ್ ಪ್ರಧಾನಾಲಯವನ್ನು ಅಲಂಕರಿಸಿದರು. ಪ್ರಭುವಿನ ಯಾತನೆ, ಮರಣಗಳ ಚಿತ್ರಮಾಲಿಕೆಯ ಜೊತೆಗೆ, ಲಿಯೊನಾರ್ಡೊನ ಮಾದರಿಯಲ್ಲಿ ಕಡೆಯ ಭೋಜನವನ್ನೂ ಅಲ್ಲಿ ಚಿತ್ರಿಸಿದರು. ಸ್ವಂತ ಕಲ್ಪನೆಯ ಶಕ್ತಿ ಅವರಿಗಿಲ್ಲದೆ ಇರಲಿಲ್ಲ. ಮಂಗಳೂರೇ ಅದಕ್ಕೆ ಸಾಕ್ಷಿ. ಆದರೂ ಹಿರಿಯನ ಮುಂದೆ ತಲೆಬಾಗಲು ಅವರು ಹಿಂಜರಿಯಲಿಲ್ಲ.

ಆ ದೇವಾಲಯದ ಪವಿತ್ರೀಕರಣ 1905ರ ನವೆಂಬರ್ 19ರಂದು ನೆರವೇರಿತು. ಅದನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ. ನಾಲ್ಕು ದಿನಗಳ ಹಿಂದೆ, ನವೆಂಬರ್ 15ರಂದು, ಐವತ್ತೊಂದರ ಪ್ರಾಯದಲ್ಲಿ ಅವರು ಪ್ರಭುವಿನಲ್ಲಿ ಐಕ್ಯರಾದರು.

ವಿಶ್ವಾಸವೂ ನಾವು ಕಲ್ಪಿಸಿಕೊಂಡದ್ದಲ್ಲ, ಹಿರಿಯರಿಂದ ಪಡೆದದ್ದು. ಪಡೆದುದನ್ನು ಕೆಡಿಸದೆ ಮಕ್ಕಳ ಕೈಗೊಪ್ಪಿಸುವುದು ಸಣ್ಣ ಕಾರ್ಯವಲ್ಲ. ಶತಮಾನೋತ್ಸವದ ಈ ಸಂದರ್ಭದಲ್ಲಿ ಆ ವಿನಮ್ರ ಸಹೋದರನ ಬಾಳು ನಮಗೆ ಕಲಿಸುವ ಪಾಠವಿದು.